ಎಲ್ಲ ಸ್ಟೆಪ್‌ಗೂ ಶೇ 50 ಕೊಟ್ಟರೆ ಸಂಗೀತವಾದೀತೆ?

ಪ್ರಶ್ನೆ: ನಾನು ಬ್ಯಾಂಕ್ ನೌಕರ, ಬಿಡುವಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಮಗಳ ಓದಿಗೆಂದು ಕೊಂಡ ಐಪ್ಯಾಡ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಎಂಬ ಸಂಗೀತದ ಆ್ಯಪ್ ಇದೆ. ಅದರ ಬೀಟ್ ಸೀಕ್ವೆನ್ಸರ್‌ನಲ್ಲಿ (ಸ್ಟೆಪ್ ಎಂಬ ಚೌಕಗಳಲ್ಲಿ ಗುರುತಿಟ್ಟ ತಾಳವನ್ನು ಸುತ್ತು ಸುತ್ತಾಗಿ ತಾನೇ ನುಡಿಸುವ ಸಾಧನ) ‘ಚಾನ್ಸ್’ ಎಂಬ ಆಯ್ಕೆ ಕಣ್ಣಿಗೆ ಬಿತ್ತು, ಒಂದು ಸ್ಟೆಪ್ ನುಡಿಯುವ ಸಾಧ್ಯತೆ ಎಷ್ಟೆಂದು ಅದರಲ್ಲಿ ಹೇಳಬಹುದು. ಸಂಗೀತ ತಾನಾಗಿಯೇ ಹುಟ್ಟುತ್ತದಂತೆ ಎಂದು ಹದಿನಾರೂ ಸ್ಟೆಪ್‌ಗಳಿಗೆ ಅರ್ಧರ್ಧ ಚಾನ್ಸ್ ಕೊಟ್ಟೆ. ಐದು ನಿಮಿಷ ಮಜವಾಗಿತ್ತು, ಆಮೇಲೆ ಬರೀ ಗದ್ದಲ. ಮನೆಯವರು ಇಯರ್‌ಫೋನ್ ಹಾಕ್ಕೊಳ್ಳಿ ಅಂದರು. ಇನ್ನೊಂದು: ಕಾಲು ಭಾಗ ಚಾನ್ಸ್ ಕೊಟ್ಟ ಸ್ಟೆಪ್ ನಾಲ್ಕು ಸುತ್ತಾದರೂ ನುಡಿಯಲಿಲ್ಲ. ಲೆಕ್ಕದ ಪ್ರಕಾರ ಒಮ್ಮೆಯಾದರೂ ಬರಬೇಕಲ್ಲ? ದುಡ್ಡು ಕೊಟ್ಟು ಬೇರೆ ಆ್ಯಪ್ ತಗೊಳ್ಳಬೇಕಾ?
— ಓದುಗರು, ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ

ಉತ್ತರ: ಮೊದಲು ಲೆಕ್ಕ ಮುಗಿಸಿಬಿಡೋಣ. ಶೇ 25 ಅಂದರೆ ನಾಲ್ಕು ಸುತ್ತಿಗೊಂದು ಸಲ ಎಂದು ಆ್ಯಪ್ ಮಾತು ಕೊಟ್ಟಿಲ್ಲ. ಆ ಸ್ಟೆಪ್‌ನ ಸರದಿ ಬಂದಾಗಲೆಲ್ಲ ಅದು ಹೊಸದಾಗಿ ಚೀಟಿ ಎತ್ತುತ್ತದೆ, ಹಿಂದಿನ ಸುತ್ತಿನ ನೆನಪು ಅದಕ್ಕಿಲ್ಲ. ಒಂದು ಸುತ್ತಿನಲ್ಲಿ ಬಾರದಿರುವ ಸಾಧ್ಯತೆ 0.75. ಅದನ್ನು ನಾಲ್ಕು ಸಲ ಗುಣಿಸಿ ನೋಡಿ, 0.316 ಬರುತ್ತದೆ. ಅಂದರೆ ನಾಲ್ಕು ಸುತ್ತೂ ಮೌನವಾಗಿ ಕಳೆಯುವ ಸಾಧ್ಯತೆಯೇ ಸುಮಾರು ಶೇ 32. ನಿಮಗಾದದ್ದು ಅಪರೂಪವೇನಲ್ಲ. ತಪ್ಪದೆ ನಾಲ್ಕಕ್ಕೊಮ್ಮೆಯೇ ಬೇಕಿದ್ದರೆ ಅದು ಚಾನ್ಸ್ ಅಲ್ಲ, ಬೇರೆಯೇ ಸೌಲಭ್ಯ. ಕೆಲವು ಸೀಕ್ವೆನ್ಸರ್‌ಗಳಲ್ಲಿ ಅದನ್ನು 1:4 ಎಂದು ತೋರಿಸಿರುತ್ತಾರೆ. ಒಂದೇ ಪಲುಕನ್ನು ಮೂರು ಸಲ ನುಡಿಸಿ ಮುಗಿಸುವ ತಿಹಾಯಿಯಂಥದ್ದಕ್ಕೆ ಅದನ್ನು ಬಳಸಿ, ಚಾನ್ಸ್ ಬೇಡ.

ಇನ್ನು ಗದ್ದಲದ ವಿಷಯ. ಹದಿನಾರು ಸ್ಟೆಪ್‌ಗೂ ಶೇ 50 ಇಟ್ಟಾಗ ಒಂದು ಸುತ್ತು 65,536 ಬಗೆಯಲ್ಲಿ ಬರಬಹುದು, ಅಷ್ಟಕ್ಕೂ ಸಮಾನ ಅವಕಾಶ. ಈಗ ಕೇಳಿದ ನಡೆ ಮತ್ತೆ ಕಿವಿಗೆ ಬೀಳುವುದೇ ಇಲ್ಲ ಎನ್ನಬಹುದು. ಕಿವಿ ಒಂದು ನಡೆಯನ್ನು ಹಿಡಿದುಕೊಂಡು, ಅದು ತಪ್ಪಿದಾಗ ‘ಆಹಾ’ ಅನ್ನುತ್ತದೆ. ಹಿಡಿಯಲು ಏನೂ ಇಲ್ಲದಿದ್ದರೆ ತಪ್ಪುವುದಕ್ಕೂ ಏನಿಲ್ಲ. ಚಾನ್ಸ್ ಹೆಚ್ಚಿಸಿದಷ್ಟೂ ವೈವಿಧ್ಯ ಹೆಚ್ಚುತ್ತದೆ ಎಂದುಕೊಳ್ಳುತ್ತೇವೆ. ಒಂದು ಮಿತಿ ದಾಟಿದ ಮೇಲೆ ಎಲ್ಲ ಸುತ್ತೂ ಒಂದೇ ಥರ ಕೇಳುತ್ತವೆ.

ಹೀಗೆ ಮಾಡಿ. ಹದಿನಾರರಲ್ಲಿ ನಾಲ್ಕು ಸ್ಟೆಪ್ ಪೂರ್ತಿ ಗಟ್ಟಿ, ಶೇ 100. ಮೊದಲನೆಯದು, ಅಂದರೆ ಸಮ, ಅದರಲ್ಲಿ ಇರಲೇಬೇಕು. ಸಮವನ್ನು ಅದೃಷ್ಟಕ್ಕೆ ಬಿಡುವುದು ನನಗಂತೂ ಸರಿಬರುವುದಿಲ್ಲ. ಒಂಬತ್ತು ಸ್ಟೆಪ್ ಖಾಲಿ. ಉಳಿದ ಮೂರಕ್ಕೆ ಮಾತ್ರ ಶೇ 30ರ ಆಸುಪಾಸು. ಈಗ ಒಟ್ಟು ಸಾಧ್ಯತೆ ಎಂಟೇ ಎಂಟು. ಮೂರೂ ಬಾರದೆ ಬರೀ ಮೂಲ ನಡೆ ಕೇಳುವುದು ಮೂರರಲ್ಲೊಂದು ಸುತ್ತಿನಲ್ಲಿ (0.7ನ್ನು ಮೂರು ಸಲ ಗುಣಿಸಿದರೆ ಶೇ 34). ಕಡಿಮೆಯಾಯಿತು ಅನ್ನಿಸುತ್ತದೆ, ಆದರೆ ಹತ್ತು ನಿಮಿಷ ಬಿಟ್ಟು ಕೇಳಿ. ನಿಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಯಾವ ಕಾಳು ಯಾವ ಗಳಿಗೆಯಲ್ಲಿ ಅರಳುತ್ತದೆಂದು ಹುರಿಯುವವರಿಗೂ ಗೊತ್ತಿಲ್ಲ. ಮರಳು ಎಷ್ಟು ಕಾಯಬೇಕು ಎಂಬುದನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಆ್ಯಪ್ ಮುಂದೆ ಕುಳಿತಾಗ ನಿಮ್ಮ ಕೆಲಸವೂ ಅದೇ: ಯಾವುದು ಬದಲಾಗಬಾರದು ಎಂಬುದನ್ನು ಮೊದಲು ತೀರ್ಮಾನಿಸಿ, ಉಳಿದದ್ದನ್ನು ಚೀಟಿಗೆ ಬಿಡುವುದು.

ಇದು ಹೊಸ ಬುದ್ಧಿಯೇನಲ್ಲ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ದಾಳ ಉರುಳಿಸಿ ನೃತ್ಯದ ಧಾಟಿ ಕಟ್ಟುವ ಆಟಗಳು ಅಚ್ಚಾಗುತ್ತಿದ್ದವು. 1790ರ ದಶಕದಲ್ಲಿ ಮೊಜಾರ್ಟ್ ಹೆಸರಿನಲ್ಲಿ ಬಂದದ್ದು ಹೆಚ್ಚು ಪ್ರಸಿದ್ಧ, ಅದು ನಿಜಕ್ಕೂ ಅವನದೇ ಎಂಬುದಕ್ಕೆ ಪುರಾವೆ ಇಲ್ಲ. ಎರಡು ದಾಳದಿಂದ 2ರಿಂದ 12ರವರೆಗೆ ಹನ್ನೊಂದು ಮೊತ್ತ, ಧಾಟಿಯ ಹದಿನಾರು ಖಂಡಗಳಲ್ಲಿ ಪ್ರತಿಯೊಂದಕ್ಕೂ ಹನ್ನೊಂದು ಆಯ್ಕೆ. ದಾಳ ಹೇಗೆ ಬಿದ್ದರೂ ಧಾಟಿ ಕೆಡದಂತೆ ಆ ಆಯ್ಕೆಗಳನ್ನೆಲ್ಲ ಮೊದಲೇ ಬರೆದಿಟ್ಟಿದ್ದರು. ಶ್ರಮವೆಲ್ಲ ದಾಳ ಉರುಳುವ ಮುಂಚೆಯೇ ಮುಗಿದಿತ್ತು.

ಚಾನ್ಸನ್ನು ಮುಟ್ಟದೆಯೇ ವೈವಿಧ್ಯ ತರುವ ಇನ್ನೊಂದು ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಮತ್ತೆ ಮತ್ತೆ ಸುತ್ತುವ ತುಣುಕುಗಳ, ಅಂದರೆ ಲೂಪ್‌ಗಳ, ಉದ್ದ ಬೇರೆ ಬೇರೆ ಇಡುವುದು. ಒಂದು ಲೂಪ್ 5 ಸ್ಟೆಪ್, ಇನ್ನೊಂದು 7, ಮತ್ತೊಂದು 8 ಇದ್ದರೆ ಮೂರೂ ಒಟ್ಟಿಗೆ ಮತ್ತೆ ಸಮಕ್ಕೆ ಬರುವುದು 280 ಸ್ಟೆಪ್ ಆದ ಮೇಲೆ, ಅವುಗಳ ಲ.ಸಾ.ಅ. ಅಷ್ಟು. ಸೆಕೆಂಡಿಗೆ ನಾಲ್ಕು ಸ್ಟೆಪ್ ನಡೆದರೆ 70 ಸೆಕೆಂಡ್. 7, 11, 16 ಇಟ್ಟುಕೊಂಡರೆ 1,232 ಸ್ಟೆಪ್, ಅಂದರೆ ಐದು ನಿಮಿಷಕ್ಕೂ ಹೆಚ್ಚು. ಒಂದೊಂದು ಲೂಪೂ ಕಿವಿಗೆ ಪರಿಚಿತ, ಅವು ಸಂಧಿಸುವ ಜಾಗ ಮಾತ್ರ ಹೊಸದು. ಇದರ ಮೇಲೆ ಮೂರು ಸ್ಟೆಪ್‌ಗೆ ಸ್ವಲ್ಪ ಚಾನ್ಸ್ ಉದುರಿಸಿದರೆ ಒಂದು ಸಂಜೆಗೆ ಸಾಕು.

ಆ್ಯಪ್ ಕೊಳ್ಳುವ ಮಾತು: ಸದ್ಯಕ್ಕೆ ಬೇಡ. ತಾಳದ ಮಟ್ಟಿಗೆ ನಿಮ್ಮಲ್ಲಿರುವುದೇ ಧಾರಾಳ. ಸ್ವರಗಳನ್ನೂ ಹೀಗೆ ಆಡಿಸಬೇಕು ಅನ್ನಿಸಿದ ದಿನ ರೋಝೆಟಾ ಎಂಬ ಐಪ್ಯಾಡ್ ಆ್ಯಪ್ ನೋಡಿ. ಅದರಲ್ಲಿ ಹಲವು ಸೀಕ್ವೆನ್ಸರ್‌ಗಳಿವೆ. ‘ಪಾರ್ಟಿಕಲ್ಸ್’ ಎಂಬುದರಲ್ಲಿ ಪೆಟ್ಟಿಗೆಯೊಳಗೆ ಕಣಗಳು ಪುಟಿದು ಗೋಡೆಗೆ ಬಡಿದಾಗ ಸ್ವರ ಹುಟ್ಟುತ್ತದೆ. ಆದರೆ ರೋಝೆಟಾ ತಾನಾಗಿ ಸದ್ದು ಮಾಡುವುದಿಲ್ಲ. ಯಾವ ಸ್ವರ ಯಾವಾಗ ನುಡಿಯಬೇಕೆಂಬ ಆಜ್ಞೆಯನ್ನು (ಮಿಡಿ) ಬೇರೆ ಆ್ಯಪ್‌ಗೆ ಕಳಿಸುವುದಷ್ಟೇ ಅದರ ಕೆಲಸ. ನುಡಿಸಲು ಒಂದು ಸಿಂಥ್ ಆ್ಯಪ್, ಎರಡನ್ನೂ ಜೋಡಿಸಲು ಎ.ಯು.ಎಂ. ನಂಥ ಹೋಸ್ಟ್ ಆ್ಯಪ್ ಬೇಕು. ಇದು ಗೊತ್ತಿಲ್ಲದೆ ದುಡ್ಡು ಕೊಟ್ಟು ‘ಸದ್ದೇ ಬರ್ತಿಲ್ಲ’ ಎಂದು ನನಗೆ ಬರೆಯುವವರು ಬಹಳ ಮಂದಿ.

ಪ್ರಶ್ನೆ: ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಟ್ಯಾಬ್‌ನ ಸೀಕ್ವೆನ್ಸರ್‌ನಲ್ಲಿ ಭೂಪಾಲಿ ರಾಗದ ಐದು ಸ್ವರ ಮಾತ್ರ ಆಯ್ದು, ಸ್ವರಗಳನ್ನು ರ್‍ಯಾಂಡಮ್ ಆಗಿ ಬಿಟ್ಟೆ. ಗುರುಗಳು ಒಂದು ನಿಮಿಷ ಕೇಳಿ, ‘ಇದು ಭೂಪಾಲಿಯಲ್ಲಮ್ಮ’ ಅಂದರು. ಒಂದು ಸ್ವರವೂ ಹೊರಗಿನದು ಬಂದಿಲ್ಲವಲ್ಲ?
— ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮ ಗುರುಗಳ ಮಾತು ನೂರಕ್ಕೆ ನೂರು ನಿಜ. ಉತ್ತರ ನಿಮ್ಮ ಪಾಠದೊಳಗೇ ಇದೆ. ಭೂಪಾಲಿಗೂ ದೇಶಕಾರ ರಾಗಕ್ಕೂ ಸ್ವರ ಅವೇ ಐದು: ಸ ರಿ ಗ ಪ ಧ. ಭೂಪಾಲಿಗೆ ಗ ವಾದಿ (ಎಲ್ಲಕ್ಕಿಂತ ಮುಖ್ಯ ಸ್ವರ), ಧ ಸಂವಾದಿ (ಅದರ ನಂತರದ್ದು). ದೇಶಕಾರಕ್ಕೆ ಧ ವಾದಿ, ಗ ಸಂವಾದಿ. ಭೂಪಾಲಿ ಸಂಜೆಯ ರಾಗ, ಕೆಳಗಿನ ಸ್ವರಗಳಲ್ಲಿ ಓಡಾಡುತ್ತದೆ; ದೇಶಕಾರ ಬೆಳಿಗ್ಗೆಯದು, ಮೇಲಿನ ಸ್ವರಗಳಲ್ಲಿ. ನೀವು ಐದಕ್ಕೂ ಸಮಪಾಲು, ಶೇ 20, ಕೊಟ್ಟಿರಿ. ಹಾಗಾಗಿ ಎರಡೂ ಆಗಲಿಲ್ಲ.

ವಾದಿ ಸಂವಾದಿಗಳನ್ನು ತೂಕದ ಪಟ್ಟಿ ಎಂದುಕೊಂಡು ಮತ್ತೆ ಹೊಂದಿಸಿ. ಗ ಗೆ 30, ಧ ಗೆ 20, ಸ ಗೆ 20, ಪ ಗೆ 15, ರಿ ಗೆ 15 ಇಟ್ಟು ಕೇಳಿ. ಈ ಅಂಕಿಗಳು ಶಾಸ್ತ್ರವಲ್ಲ, ಶುರು ಮಾಡಲು ಒಂದು ಅಂದಾಜು. ಮೇಲಿನ ಸ್ಥಾಯಿಗೆ ಹೋಗುವ ಅವಕಾಶವನ್ನೂ ಕಡಿಮೆ ಮಾಡಿ. ತಂಬೂರಿಯನ್ನು ಇನ್ನೊಂದು ಟ್ರ್ಯಾಕ್‌ನಲ್ಲಿ ನಿಲ್ಲದಂತೆ ಇಡಿ. ಆಧಾರ ಷಡ್ಜ ಕೇಳಿಸದಿದ್ದರೆ ಈ ಐದು ಸ್ವರ ಎಲ್ಲಿ ಬೇಕಾದರೂ ತಿರುಗಿ, ಕಿವಿ ಬೇರೆ ಯಾವುದನ್ನೋ ಸ ಎಂದುಕೊಂಡುಬಿಡುತ್ತದೆ.

ತೂಕ ಸರಿಯಾದರೂ ಇನ್ನೊಂದು ತೊಡಕಿದೆ. ಯಾವ ಸ್ವರ ಎಷ್ಟು ಸಲ ಬರಬೇಕೆಂದು ತೂಕ ಹೇಳುತ್ತದೆ, ಯಾವುದರ ಹಿಂದೆ ಯಾವುದು ಎಂದು ಹೇಳುವುದಿಲ್ಲ. ಕರ್ನಾಟಕ ಸಂಗೀತದ ಬಿಲಹರಿಯಲ್ಲಿ ಏರುವಾಗ ಮ, ನಿ ಇಲ್ಲ, ಇಳಿಯುವಾಗ ಇವೆ. ಅಂಥ ರಾಗವನ್ನು ಬರೀ ಸ್ವರಗಳ ಪಟ್ಟಿ ಕೊಟ್ಟು ನುಡಿಸಹೊರಟರೆ ಮೊದಲ ಹೆಜ್ಜೆಯಲ್ಲೇ ಕೆಡುತ್ತದೆ. ಅದಕ್ಕೆ ‘ಈಗ ಪ ಇದ್ದರೆ ಮುಂದೆ ಗ ಬರಲು ಇಷ್ಟು, ಧ ಬರಲು ಇಷ್ಟು’ ಎಂದು ಜೋಡಿಗೊಂದು ತೂಕ ಬೇಕು. ಗಣಿತದವರು ಇದನ್ನು ಮಾರ್ಕೊವ್ ಸರಪಳಿ ಎನ್ನುತ್ತಾರೆ. 1957ರಲ್ಲೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಿಲ್ಲರ್ ಮತ್ತು ಐಸಾಕ್ಸನ್ ಕಂಪ್ಯೂಟರಿನಿಂದ ರಚಿಸಿದ ತಂತಿವಾದ್ಯ ಕೃತಿಯ ಕೊನೆಯ ಭಾಗಕ್ಕೆ ಈ ವಿಧಾನ ಬಳಸಿದ್ದರು. ಈಗಿನ ಆ್ಯಪ್‌ಗಳಲ್ಲಿ ವೋಟ್ಜಾ ಹತ್ತಿರಕ್ಕೆ ಬರುತ್ತದೆ. ಅದರಲ್ಲಿ ಸ್ವರಕ್ಕೊಂದು ನಿಯಮಪಟ್ಟಿ, ಒಂದು ಸ್ವರದಿಂದ ಎಷ್ಟು ದೂರ ಹಾರಬಹುದು ಎಂಬುದಕ್ಕೆ ಇನ್ನೊಂದು ನಿಯಮಪಟ್ಟಿ ಇರುತ್ತದೆ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ 1990ರ ದಶಕದಲ್ಲಿ ಇಂಥ ಸಂಗೀತಕ್ಕೆ ‘ಜನರೇಟಿವ್ ಮ್ಯೂಸಿಕ್’ ಎಂಬ ಹೆಸರನ್ನು ಬಳಕೆಗೆ ತಂದಾಗ ಉಪಯೋಗಿಸಿದ್ದ ಕೋನ್ ತಂತ್ರಾಂಶದ ವಂಶದ್ದೇ ಈ ವೋಟ್ಜಾ.

ಇಷ್ಟಾದ ಮೇಲೂ ಗುರುಗಳು ಪೂರ್ತಿ ಒಪ್ಪಲಾರರು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ, ರಾಗದ ಗುರುತು ಹಿಡಿಸುವ ಪಲುಕು, ಅಂದರೆ ಪಕಡ್, ಇಲ್ಲ, ಉಸಿರಿನ ನಿಲುಗಡೆ ಇಲ್ಲ. ‘ಭೂಪಾಲಿಯ ಛಾಯೆ ಇದೆ’ ಅಂದರೆ ಅಲ್ಲಿಗೆ ನಿಲ್ಲಿಸಿ, ಹಾಡುವ ಅಭ್ಯಾಸಕ್ಕೆ ಕೂರಿ.

ಪ್ರಶ್ನೆ: ನನ್ನ ಹತ್ತಿರ ಇರೋದು ಸಾಧಾರಣ ಆಂಡ್ರಾಯ್ಡ್ ಟ್ಯಾಬ್. ಎಲ್ಲರೂ ಐಪ್ಯಾಡ್ ಅಂತಾರೆ. ನನಗೆ ದಾರಿಯೇ ಇಲ್ಲವೇ?
— ಓದುಗರು, ಹರಿಹರ

ಉತ್ತರ: ಇದೆ. ಮೇಲೆ ಹೇಳಿದ ವೋಟ್ಜಾ ಆಂಡ್ರಾಯ್ಡ್‌ಗೂ ಸಿಗುತ್ತದೆ. ಆದರೆ ಒಂದು ಆ್ಯಪ್‌ನೊಳಗೆ ಇನ್ನೊಂದನ್ನು ಕೂರಿಸಿ ನುಡಿಸುವ ಅನುಕೂಲ ಐಪ್ಯಾಡ್‌ನಷ್ಟು ಇಲ್ಲಿಲ್ಲ. ಸೀಕ್ವೆನ್ಸರ್, ಸದ್ದು ಎರಡೂ ಒಂದರಲ್ಲೇ ಇರುವ ಆ್ಯಪ್ ಆರಿಸಿಕೊಳ್ಳಿ. ಬೆರಳಿಟ್ಟ ಮೇಲೆ ಸದ್ದು ತಡವಾಗಿ ಬರುವ ಕಾಟ ಅಗ್ಗದ ಟ್ಯಾಬ್‌ಗಳಲ್ಲಿ ಸಾಮಾನ್ಯ. ಸೀಕ್ವೆನ್ಸರ್ ತಾನೇ ನುಡಿಸಿಕೊಳ್ಳುವುದರಿಂದ ನಿಮಗೆ ಅದು ಅಷ್ಟಾಗಿ ಬಾಧಿಸದು. ಬ್ಲೂಟೂತ್ ಸ್ಪೀಕರ್ ಮಾತ್ರ ಬೇಡ, ತಂತಿಯ ಹೆಡ್‌ಫೋನ್ ಬಳಸಿ.

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಮುಂದಿನ ನಾಟಕದ ಹಿನ್ನೆಲೆಗೆ ಹಾರ್ಮೋನಿಯಂ ಜೊತೆ ಟ್ಯಾಬ್‌ನಲ್ಲಿ ಹುಟ್ಟುವ ಸಂಗೀತ ಬಳಸುವ ಆಸೆ. ಪ್ರತಿ ಪ್ರದರ್ಶನದಲ್ಲೂ ಬೇರೆ ಬೇರೆ ನುಡಿದರೆ ನಟರು ಕ್ಯೂ (ತಮ್ಮ ಸರದಿಯ ಸೂಚನೆ) ಹಿಡಿಯುವುದು ಹೇಗೆ? ಕರಪತ್ರದಲ್ಲಿ ‘ಸಂಗೀತ’ ಎಂದು ಯಾರ ಹೆಸರು ಹಾಕಬೇಕು, ನಮ್ಮದೋ ಆ್ಯಪ್‌ನದೋ?
— ಓದುಗರು, ಹೊಸದುರ್ಗ

ಉತ್ತರ: ನಾಟಕಕ್ಕೆ ಹೆಸರಾದ ಸಾಣೇಹಳ್ಳಿಯ ತಾಲ್ಲೂಕಿನಿಂದ ಇಂಥ ಪ್ರಶ್ನೆ ಬಂದದ್ದು ಖುಷಿ.

ಕ್ಯೂ ಆಗುವ ಸದ್ದನ್ನು ಚಾನ್ಸ್‌ಗೆ ಬಿಡಲೇಬೇಡಿ. ಬಾಗಿಲ ಸದ್ದು, ರಂಗಗೀತೆಯ ಎತ್ತುಗಡೆ, ದೀಪ ಆರುವಾಗಿನ ಪೆಟ್ಟು ಇವೆಲ್ಲ ಕೈಯಿಂದಲೇ ಬರಲಿ. ಟ್ಯಾಬ್‌ಗೆ ಕೊಡಬೇಕಾದದ್ದು ದೃಶ್ಯದ ಅಡಿಯಲ್ಲಿ ಹರಿಯುವ ಪದರ. ಅಲ್ಲಿ ಅದಕ್ಕೆ ನಿಜವಾದ ಉಪಯೋಗವಿದೆ. ಧ್ವನಿಮುದ್ರಿಸಿದ ಹಿನ್ನೆಲೆ ಮೂರು ನಿಮಿಷ ಅಂದರೆ ಮೂರೇ ನಿಮಿಷ. ನಟ ಅವತ್ತು ಒಂದು ಮೌನವನ್ನು ಎಳೆದರೆ ಟ್ರ್ಯಾಕ್ ಮುಗಿದುಹೋಗಿ ರಂಗ ಬಿಕೋ ಅನ್ನುತ್ತದೆ. ಹುಟ್ಟುತ್ತಲೇ ಇರುವ ಪದರ ನಟ ನಿಲ್ಲುವವರೆಗೂ ನಿಲ್ಲುತ್ತದೆ, ಸದ್ದಿನ ಮಟ್ಟದ ಫೇಡರ್ ಇಳಿಸಿದಾಗ ಹೋಗುತ್ತದೆ. ಅಂಥ ಮೌನಗಳೇ ನಿಮ್ಮ ನಾಟಕದಲ್ಲಿ ಇಲ್ಲವೆಂದಾದರೆ, ಚೆನ್ನಾಗಿ ಬಂದ ಹತ್ತು ನಿಮಿಷ ರೆಕಾರ್ಡ್ ಮಾಡಿ ಅದನ್ನೇ ಹಾಕಿ. ಪ್ರೇಕ್ಷಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ತಾಲೀಮಿನ ಮೊದಲ ದಿನದಿಂದಲೇ ಚಾನ್ಸ್ ಆನ್ ಇರಲಿ. ಒಂದೇ ರೆಕಾರ್ಡಿಂಗ್‌ಗೆ ಒಗ್ಗಿದ ನಟರು ಗೊತ್ತಿಲ್ಲದೆಯೇ ಅದರ ಒಂದು ಸ್ವರವನ್ನು ಕ್ಯೂ ಮಾಡಿಕೊಂಡಿರುತ್ತಾರೆ. ಆ್ಯಪ್ ಎತ್ತುವ ಚೀಟಿಯೂ ಒಂದು ಲೆಕ್ಕದಿಂದಲೇ ಹುಟ್ಟುವುದು. ‘ಸೀಡ್’ ಎಂಬ ಆರಂಭದ ಸಂಖ್ಯೆ ಒಂದೇ ಇದ್ದರೆ ಅದೇ ಸಾಲು ಮರಳಿ ಬರುತ್ತದೆ. ಆ ಸೌಲಭ್ಯವಿರುವ ಆ್ಯಪ್ ಆದರೆ ನಿರ್ದೇಶಕರು ಮೆಚ್ಚಿದ ದಿನದ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮಿಶ್ರ ಛಾಪಿನ (ಏಳು ಎಣಿಕೆಯ ತಾಳ) ರಂಗಗೀತೆ ಇದ್ದರೆ ಯೂಕ್ಲಿಡಿಯನ್ ಸೀಕ್ವೆನ್ಸರ್ ಕೈಹಿಡಿಯುತ್ತದೆ. ಇಂತಿಷ್ಟು ಸ್ಟೆಪ್‌ನಲ್ಲಿ ಇಂತಿಷ್ಟು ಪೆಟ್ಟುಗಳನ್ನು ಆದಷ್ಟು ಸಮಾನ ಅಂತರದಲ್ಲಿ ಹಂಚುವುದು ಅದರ ಕೆಲಸ. ಜಗತ್ತಿನ ನಾನಾ ಕಡೆಯ ಲಯಗಳು ಈ ಲೆಕ್ಕಕ್ಕೆ ಕೂರುತ್ತವೆ ಎಂದು 2005ರಲ್ಲಿ ಗಣಕವಿಜ್ಞಾನಿ ಗಾಡ್‌ಫ್ರೈಡ್ ಟುಸೇಂಟ್ ತೋರಿಸಿದರು. ಏಳು ಸ್ಟೆಪ್, ಮೂರು ಪೆಟ್ಟು ಅಂದರೆ ಅದು 2+2+3 ಕೊಡುತ್ತದೆ. ಆರಂಭದ ಜಾಗ ಸರಿಸಿದರೆ ನಮ್ಮ 3+2+2. ಈ ಮೂರು ಪೆಟ್ಟು ಗಟ್ಟಿಯಾಗಿರಲಿ, ನಡುವಿನ ನಾಲ್ಕಕ್ಕೆ ಬೇಕಿದ್ದರೆ ಚಾನ್ಸ್ ಕೊಡಿ.

ಶ್ರುತಿಯ ಬಗ್ಗೆ ಎಚ್ಚರ. ಹಾಡುವವರು ಕಪ್ಪು ಎರಡು (ಹಾರ್ಮೋನಿಯಂನ ಎರಡನೆಯ ಕಪ್ಪು ಮನೆ) ಅಂದರೆ ಆ್ಯಪ್‌ನಲ್ಲಿ ಡಿ ಶಾರ್ಪ್ ಆಧಾರ ಇಡುತ್ತೀರಿ, ಸರಿ. ಆದರೆ ಹಳೆಯ ಹಾರ್ಮೋನಿಯಂಗಳ ರೀಡು ಅಷ್ಟೇ ಕರಾರುವಾಕ್ಕಾಗಿ ಇರುವುದಿಲ್ಲ, ಅದನ್ನು ರಂಗದ ಮೇಲೆ ತಿದ್ದಲೂ ಆಗದು. ಟ್ಯಾಬ್ ಅನ್ನೇ ಹಾರ್ಮೋನಿಯಂಗೆ ಹೊಂದಿಸಿ. ಟ್ಯೂನಿಂಗ್‌ನಲ್ಲಿ ‘ಸೆಂಟ್’ ಎಂಬ ಸಣ್ಣ ಅಳತೆ ಇರುತ್ತದೆ, ಒಂದು ಅರ್ಧಸ್ವರಕ್ಕೆ 100 ಸೆಂಟ್. ಬಯಲು ರಂಗಮಂದಿರವಾದರೆ ಎಳೆದು ನಿಲ್ಲುವ ತೆಳುವಾದ ಪ್ಯಾಡ್ ಸದ್ದು ಗಾಳಿಗೆ ಹಾರಿಹೋಗುತ್ತದೆ, ಪೆಟ್ಟು ಇರುವ ವಾದ್ಯಗಳನ್ನೇ ಆರಿಸಿ. ಹೊಸ ಐಪ್ಯಾಡ್‌ಗಳಲ್ಲಿ ಹೆಡ್‌ಫೋನ್ ಸಾಕೆಟ್ ಇರುವುದಿಲ್ಲ. ಟೈಪ್-ಸಿ ಅಡಾಪ್ಟರ್ ಒಂದನ್ನು ಮೊದಲೇ ತಂದು, ಸೌಂಡ್ ಸಿಸ್ಟಂನವರ ಮಿಕ್ಸರ್‌ಗೆ ಹಾಕಿ ಪರೀಕ್ಷಿಸಿ. ಪ್ರದರ್ಶನದ ಹೊತ್ತಿಗೆ ಏರೋಪ್ಲೇನ್ ಮೋಡ್. ವಾಟ್ಸ್‌ಆ್ಯಪ್‌ನ ಟಿಣ್ ಸದ್ದು ಸ್ಪೀಕರ್‌ನಲ್ಲಿ ಬರುವುದು ಯಾವ ದುರಂತ ನಾಟಕಕ್ಕೂ ಒಳ್ಳೆಯದಲ್ಲ.

ಹೆಸರು ನಿಮ್ಮದೇ ಹಾಕಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಕಂಪ್ಯೂಟರಿನಿಂದ ಹುಟ್ಟಿದ ಸಂಗೀತ ಕೃತಿಗೆ ಅದು ಹುಟ್ಟುವಂತೆ ಮಾಡಿದ ವ್ಯಕ್ತಿಯೇ ಕರ್ತೃ. ತೂಕ ಇಟ್ಟವರು, ಲೂಪ್ ಕತ್ತರಿಸಿದವರು, ಬೇಡದ್ದನ್ನು ತೆಗೆದವರು ನೀವು. ಆ್ಯಪ್‌ನೊಂದಿಗೆ ಬಂದ ಸಿದ್ಧ ಲೂಪ್ ಬಳಸಿದ್ದರೆ ಅದರ ಷರತ್ತು ಓದಿಕೊಳ್ಳಿ. ಹಾರ್ಮೋನಿಯಂ ಮೇಷ್ಟ್ರ ಹೆಸರು ನಿಮ್ಮದಕ್ಕಿಂತ ಮೇಲೆ ಅಚ್ಚಾಗಲಿ.