ಅಮೆರಿಕದ ರಾಜ್ಯಗಳು ಆನ್‌ಲೈನ್ ಕ್ಯಾಸಿನೊಗಳಿಗೆ ಕಾನೂನಿನ ಮಾನ್ಯತೆ ಕೊಡಬೇಕೆ?

ಕೊಡಬಹುದು, ಆದರೆ ಬೊಕ್ಕಸದ ಆಸೆಯೊಂದೇ ಅದಕ್ಕೆ ಕಾರಣವಾಗಬಾರದು. ನ್ಯೂಜೆರ್ಸಿ 2013ರಲ್ಲಿಯೇ ಅನುಮತಿ ನೀಡಿತು. ಪೆನ್ಸಿಲ್ವೇನಿಯಾ ಆನ್‌ಲೈನ್ ಸ್ಲಾಟ್ ಆಟಗಳ (ತಿರುಗುವ ಚಿತ್ರಗಳು ಹೊಂದಿಕೊಂಡರೆ ಹಣ ಸಿಗುವ ಜೂಜಿನ) ವರಮಾನದ ಮೇಲೆ ಶೇ 54ರಷ್ಟು ತೆರಿಗೆ ವಿಧಿಸುತ್ತದೆ. ನಿಷೇಧವಿರುವಲ್ಲಿ ಜೂಜು ನಿಲ್ಲದೆ ವಿದೇಶಿ ಜಾಲತಾಣಗಳತ್ತ ಸರಿಯುತ್ತದೆ. ಅಲ್ಲಿ ಗೆದ್ದ ಹಣ ಕೈಸೇರದಿದ್ದರೆ ದೂರು ಕೇಳುವವರೇ ಇರುವುದಿಲ್ಲ. ಪರವಾನಗಿ ಪಡೆದ ತಾಣವಾದರೆ ಆಟಗಾರನ ವಯಸ್ಸನ್ನೂ ಅವನಿರುವ ಸ್ಥಳವನ್ನೂ ಪರಿಶೀಲಿಸಬೇಕು, ತನ್ನನ್ನು ಆಟದಿಂದ ಹೊರಗಿಡಿ ಎಂದು ಅವನೇ ಕೋರಿಕೊಂಡರೆ ಖಾತೆಯನ್ನು ಮುಚ್ಚಬೇಕು. ಆದರೂ ನ್ಯೂಜೆರ್ಸಿಯ ಕ್ಯಾಸಿನೊ ನಗರವಾದ ಅಟ್ಲಾಂಟಿಕ್ ಸಿಟಿಯವರೆಗೆ ಕಾರು ಓಡಿಸಿಕೊಂಡು ಹೋಗುವುದಕ್ಕೂ, ನಡುರಾತ್ರಿ ಹಾಸಿಗೆಯಲ್ಲಿ ಮಲಗಿಯೇ ಹೆಬ್ಬೆರಳಿನಿಂದ ಸಂಬಳವನ್ನೆಲ್ಲ ಪಣಕ್ಕಿಡುವುದಕ್ಕೂ ಅಜಗಜಾಂತರವಿದೆ. ಆದ್ದರಿಂದ ಬ್ರಿಟನ್ 2020ರಲ್ಲಿ ಮಾಡಿದಂತೆ, ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಜೂಜಾಡುವುದನ್ನು ಮೊದಲು ತಡೆದು, ಅನುಮತಿಯ ಮಾತನ್ನು ಆಮೇಲೆ ಎತ್ತುವುದು ಸರಿ.