ಚಳಿ ಊರಿನಲ್ಲೂ ಸರ್ವರ್ ಬಿಸಿಯೇರುತ್ತದೆ

ವಿರಾಜಪೇಟೆ ಹತ್ತಿರದ ಸಹಕಾರ ಸಂಘವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಓದುಗರೊಬ್ಬರು ಬರೆದಿದ್ದಾರೆ: ‘ಜುಲೈನಲ್ಲಿ ನಮ್ಮ ಸರ್ವರ್ ಎರಡು ಸಲ ತಾನಾಗಿಯೇ ಆಫ್ ಆಯಿತು. ಬಿಸಿ ಜಾಸ್ತಿಯಾಗಿತ್ತು ಎಂದು ಲಾಗ್‌ನಲ್ಲಿದೆ. ನಾವೋ ಸ್ವೆಟರ್ ಹಾಕಿಕೊಂಡು ಕೂತಿದ್ದೆವು. ಈ ಚಳಿಗೆ ಏಸಿ ಯಾಕೆಂದು ಜೂನ್‌ನಲ್ಲೇ ನಿಲ್ಲಿಸಿದ್ದೆವು. ಕೊಡಗಿನಲ್ಲೂ ರ‍್ಯಾಕ್‌ನ (ಸರ್ವರ್‌ಗಳನ್ನು ಜೋಡಿಸಿಟ್ಟ ಕಪಾಟಿನ) ಬಿಸಿ ನೋಡುತ್ತಿರಬೇಕಾ?’

ನಮಸ್ಕಾರ. ಖಂಡಿತ ನೋಡುತ್ತಿರಬೇಕು. ಅದರಲ್ಲೂ ಮಳೆಗಾಲದಲ್ಲಿ.

ಸರ್ವರ್ ಎಳೆಯುವ ಕರೆಂಟೆಲ್ಲ ಹೆಚ್ಚುಕಡಿಮೆ ಬಿಸಿಯಾಗಿಯೇ ಹೊರಬರುತ್ತದೆ. ನಿಮ್ಮ ರ‍್ಯಾಕ್ 1000 ವಾಟ್ ಎಳೆಯುತ್ತದೆ ಎಂದುಕೊಳ್ಳಿ. ಚಿಕ್ಕ ಕೋಣೆಯಲ್ಲಿ 1000 ವಾಟಿನ ರೂಮ್ ಹೀಟರ್ ಹಗಲೂ ರಾತ್ರಿ ಉರಿದ ಹಾಗೆ. ಮಳೆಯ ಎರಚಲು ಬೀಳುತ್ತದೆಂದು ಕಿಟಕಿಯನ್ನೂ ಮುಚ್ಚಿರುತ್ತೀರಿ, ಅಲ್ವಾ? ಹೊರಗಿನ ಚಳಿ ಒಳಗೆ ಬರಲು ದಾರಿಯೇ ಇಲ್ಲ.

ಹಾಗಂತ ಕಿಟಕಿ ತೆರೆದಿಡಬೇಡಿ. ನಮ್ಮ ಮಂಜು ನೇರ ಒಳಗೆ ಬರುತ್ತದೆ. ಓಡುತ್ತಿರುವ ಸರ್ವರ್ ಬೆಚ್ಚಗಿರುವುದರಿಂದ ಅದಕ್ಕೆ ಅಷ್ಟು ತೊಂದರೆಯಿಲ್ಲ. ಆಫ್ ಆಗಿ ತಣ್ಣಗಾದ ಯಂತ್ರದ ಮೇಲೆ ಮಾತ್ರ ತೇವ ಕೂರುತ್ತದೆ, ಕನೆಕ್ಟರ್‌ಗಳು ಕಿಲುಬು ಹಿಡಿಯುತ್ತವೆ. ಬಿಸಿಯ ಜೊತೆ ತೇವವನ್ನೂ ತೋರಿಸುವ ಸೆನ್ಸರ್ ನಮ್ಮ ಊರಿಗೆ ಸರಿ.

ಅದನ್ನು ಎಲ್ಲಿ ಇಡುತ್ತೀರಿ ಎನ್ನುವುದೇ ಮುಖ್ಯ. ನಮ್ಮ ಬೆಳೆಗಾರರು ದಿನಾ ಬೆಳಿಗ್ಗೆ ಮಳೆ ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಎಂದು ಬರೆದಿಡುತ್ತಾರೆ. ಯಾರೂ ಮಳೆಮಾಪಕವನ್ನು ಸೂರಿನ ಕೆಳಗೆ ಇಡುವುದಿಲ್ಲ. ಆದರೆ ನಮ್ಮ ಕಚೇರಿಯಲ್ಲಿ ನಾವು ಅದೇ ತಪ್ಪು ಮಾಡಿದೆವು. ಬಾಗಿಲ ಪಕ್ಕದ ಗೋಡೆಗೆ ಥರ್ಮಾಮೀಟರ್ ನೇತುಹಾಕಿ, 24 ಡಿಗ್ರಿ ನೋಡಿ ನೆಮ್ಮದಿಯಾಗಿದ್ದೆವು. ಒಂದು ದಿನ ರ‍್ಯಾಕ್‌ನ ಮುಂದೆ, ಮೇಲಿನ ಸರ್ವರ್ ಗಾಳಿ ಎಳೆಯುವ ಜಾಗದಲ್ಲಿ ಹಿಡಿದರೆ 35! ಹಿಂದೆ ಹೋದ ಬಿಸಿ ಗಾಳಿ, ರ‍್ಯಾಕ್‌ನ ಖಾಲಿ ಜಾಗಗಳಿಂದ ನುಸುಳಿ ಮತ್ತೆ ಮುಂದಕ್ಕೆ ಬರುತ್ತಿತ್ತು. ಆ ಜಾಗಗಳಿಗೆ ತಗಡಿನ ಮುಚ್ಚಳ ಹಾಕಿದ ಮೇಲೆಯೇ ಅದು ಇಳಿದದ್ದು. ಹಾಗಾಗಿ ಮುಂಭಾಗದಲ್ಲಿ ಮೇಲೊಂದು, ನಡುವೆ ಒಂದು, ಕೆಳಗೊಂದು ಸೆನ್ಸರ್ ಇಡಿ. ಒಂದೇ ಇದ್ದರೆ ಮೇಲೆ ಇಡಿ.

ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ ಎನ್ನುವುದು ಏಸಿ, ತಂಪು ವ್ಯವಸ್ಥೆಗಳ ಎಂಜಿನಿಯರುಗಳ ಸಂಘವಾದ ಅಮೆರಿಕದ ಆಶ್ರೇ ಸಂಸ್ಥೆಯ ಸಲಹೆ. 27 ದಾಟಿ ಐದು ನಿಮಿಷ ಹಾಗೇ ಇದ್ದರೆ ನಿಮಗೊಂದು ಎಸ್ಸೆಮ್ಮೆಸ್ ಬರಲಿ. 32ಕ್ಕೆ ಫೋನ್ ಬಾರಿಸಲಿ. 35ಕ್ಕೆ ಸರ್ವರ್ ಕ್ರಮವಾಗಿ ಶಟ್‌ಡೌನ್ ಆಗಲಿ. ಫಟ್ಟನೆ ಆಫ್ ಆದರೆ ಸದಸ್ಯರ ಲೆಕ್ಕದ ಡೇಟಾಬೇಸ್ ಕೆಡಬಹುದು. ನನಗೆ ಅದೇ ಹೆಚ್ಚು ಭಯ.

ಇನ್ನು ಕರೆಂಟ್. ಮರ ಬಿದ್ದು ಲೈನ್ ಹೋಯಿತು ಎಂದುಕೊಳ್ಳಿ. ಯುಪಿಎಸ್ ಸರ್ವರ್ ಓಡಿಸುತ್ತದೆ, ಏಸಿಯನ್ನು ಓಡಿಸುವುದಿಲ್ಲ. ಬಿಸಿ ಹುಟ್ಟುತ್ತಲೇ ಇರುತ್ತದೆ, ತಂಪು ನಿಂತಿರುತ್ತದೆ. ಕರೆಂಟ್ ಬಂದರೂ ಕೆಲವು ಏಸಿಗಳು ರಿಮೋಟ್ ಒತ್ತುವ ತನಕ ಶುರುವಾಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಯಾರು ಒತ್ತುತ್ತಾರೆ? ನಿಮ್ಮ ಏಸಿಯಲ್ಲಿ ಆಟೋ ರೀಸ್ಟಾರ್ಟ್ ಇದೆಯಾ ಎಂದು ಇವತ್ತೇ ನೋಡಿ. ಮೆಸೇಜ್ ಕಳಿಸುವ ಮೋಡೆಮ್ ಕೂಡ ಯುಪಿಎಸ್‌ನಲ್ಲೇ ಇರಲಿ. ಸೆನ್ಸರ್‌ನಿಂದ ಹತ್ತು ನಿಮಿಷ ಏನೂ ಬರದಿದ್ದರೆ ಅದಕ್ಕೂ ಒಂದು ಎಚ್ಚರಿಕೆ ಬೇಕು. ಯುಪಿಎಸ್ ಬ್ಯಾಟರಿಯನ್ನೂ ಮರೆಯಬೇಡಿ. ಲೆಡ್ ಆಸಿಡ್ ಬ್ಯಾಟರಿ 25 ಡಿಗ್ರಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಕೂತರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಏಸಿಯನ್ನು ಈಗಲೇ ಮತ್ತೆ ಹಾಕಿ. ಮಳೆ ಲೆಕ್ಕದ ಹಾಗೆ ಒಂದು ಪುಸ್ತಕ ಇಟ್ಟು, ಎರಡು ವಾರ ಬೆಳಿಗ್ಗೆ ಸಂಜೆ ಬಿಸಿ ಎಷ್ಟು, ತೇವ ಎಷ್ಟು, ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಎಂದು ಬರೆಯಿರಿ. ಆ ಪುಟಗಳ ಫೋಟೋ ನಮಗೆ ಕಳಿಸಿ, ಕೂತು ನೋಡೋಣ.

– ಸಂಪಾದಕ