ಓದುಗರ ಪ್ರಶ್ನೆ: ಲೋಕಸಭೆಯಲ್ಲಿ ಪಟೇಲರ ಕನ್ನಡ

ಪ್ರಶ್ನೆ: ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅವರು ಕಾನೂನು ಓದಿದವರು, ಇಂಗ್ಲಿಷ್ ಬಲ್ಲವರು. ಬರುವ ಭಾಷೆಯನ್ನು ಬಿಟ್ಟು, ಸಭೆಯಲ್ಲಿ ಬಹುತೇಕರಿಗೆ ತಿಳಿಯದ ಭಾಷೆಯಲ್ಲಿ ಮಾತನಾಡಿದರೆ ಕ್ಷೇತ್ರದ ಜನರಿಗೆ ಏನು ಲಾಭ? ಇದು ಬರೀ ಪ್ರದರ್ಶನವಲ್ಲವೇ?
(ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಅಲ್ಲ ಮಗಳೇ. ನಿಮ್ಮ ಪ್ರಶ್ನೆ ನನಗೆ ತುಂಬ ಹತ್ತಿರದ್ದು, ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ನಿಯಮ ನೋಡಿ. ಸಂವಿಧಾನದ 120ನೇ ವಿಧಿಯ ಪ್ರಕಾರ ಸಂಸತ್ತಿನ ಕಲಾಪ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಈ ಎರಡರಲ್ಲಿಯೂ ತನ್ನ ಅಭಿಪ್ರಾಯವನ್ನು ಸಾಕಷ್ಟು ಚೆನ್ನಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಅಂದರೆ ಕನ್ನಡ ಅಲ್ಲಿ ಹಕ್ಕಾಗಿರಲಿಲ್ಲ, ಅನುಮತಿಯಾಗಿತ್ತು. ಅದೂ ಬೇರೆ ಭಾಷೆ ಬಾರದವರಿಗೆ. ಆಗ ಸಭಾಧ್ಯಕ್ಷರಾಗಿದ್ದವರು ತೆಲುಗು ನಾಡಿನ ನೀಲಂ ಸಂಜೀವ ರೆಡ್ಡಿಯವರು. ಅವರು ಪಟೇಲರನ್ನು ತಡೆಯಲಿಲ್ಲ.

ಆ ವರ್ಷದ ದೆಹಲಿಯನ್ನೂ ನೆನಪಿಸಿಕೊಳ್ಳಬೇಕು. 1965ರಲ್ಲಿ ಮದ್ರಾಸು ರಾಜ್ಯದಲ್ಲಿ ಹಿಂದಿಯ ವಿರುದ್ಧ ದೊಡ್ಡ ಚಳವಳಿ ನಡೆದಿತ್ತು. 1967ರ ಡಿಸೆಂಬರಿನಲ್ಲಿ, ಇಂಗ್ಲಿಷ್ ಮುಂದುವರಿಯಲು ಭರವಸೆ ಕೊಡುವಂತೆ ಅಧಿಕೃತ ಭಾಷಾ ಕಾಯಿದೆಗೆ ತಿದ್ದುಪಡಿಯಾಯಿತು. ಇಡೀ ಜಗ್ಗಾಟ ಹಿಂದಿಯೋ ಇಂಗ್ಲಿಷೋ ಎಂಬುದರಲ್ಲೇ ಮುಗಿಯುತ್ತಿತ್ತು. ಆ ಹಗ್ಗದ ಎರಡು ತುದಿಯನ್ನೂ ಹಿಡಿಯದೆ ಸಂಯುಕ್ತ ಸೋಷಲಿಸ್ಟ್ ಪಕ್ಷದ ಮೂವತ್ತಾರು ವರ್ಷದ ಸಂಸದರೊಬ್ಬರು ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂದೇ ಹೆಸರು; ಕರ್ನಾಟಕ ಎಂದಾದದ್ದು 1973ರಲ್ಲಿ.

ಪಟೇಲರು ಸಮಾಜವಾದಿ ನಾಯಕರಾದ ರಾಮಮನೋಹರ ಲೋಹಿಯಾ ಮತ್ತು ಶಾಂತವೇರಿ ಗೋಪಾಲ ಗೌಡರ ದಾರಿಯಲ್ಲಿ ಬಂದವರು. ಭೂಮಾಲೀಕರ ವಿರುದ್ಧ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ನೆನಪು ಶಿವಮೊಗ್ಗ ಜಿಲ್ಲೆಯ ಸಮಾಜವಾದಿಗಳಲ್ಲಿ ಹಸಿಯಾಗಿತ್ತು. ಉಳುವವನಿಗೆ ಭೂಮಿ ಕೇಳುವ ರಾಜಕೀಯವೇ ಅವನ ಭಾಷೆಯಲ್ಲಿ ಆಡಳಿತವನ್ನೂ ಕೇಳುತ್ತಿತ್ತು. ಲೋಹಿಯಾ ಅವರ ದೃಷ್ಟಿಯಲ್ಲಿ ಇಂಗ್ಲಿಷ್ ಎಂದರೆ ಕೆಲವರಿಗೆ ಮಾತ್ರ ತೆರೆಯುವ ಬಾಗಿಲು.

ಆ ಬಾಗಿಲನ್ನು ನಾನು ಒಳಗಿನಿಂದ ಕಂಡಿದ್ದೇನೆ. ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಭಾಷಾಂತರಕಾರನಾಗಿದ್ದೆ. ಒಂದು ಊರಿನಲ್ಲಿ ಬದುವಿನ ಮೇಲಿನ ಹೊಂಗೆ ಮರ ಯಾರದು ಎಂಬ ವ್ಯಾಜ್ಯ ನಡೆದಿತ್ತು. ವಯಸ್ಸಾದ ಹೆಂಗಸೊಬ್ಬರು ಸಾಕ್ಷಿ ಕಟ್ಟೆಯಲ್ಲಿ ನಿಂತು 'ಬದು ನಮ್ಮ ಮಾವನವರು ಹಾಕಿಸಿದ್ದು' ಎಂದರು. ಬೆರಳಚ್ಚಾಗಿದ್ದು ಇಂಗ್ಲಿಷಿನಲ್ಲಿ, 'ಬೌಂಡರಿ' ಎಂದು. ಬದು ಎಂದರೆ ಮಣ್ಣು ಹೊತ್ತು ಹಾಕಿ ಎತ್ತರಿಸಿದ, ಎರಡು ಮೊಳ ಅಗಲದ ನೆಲ. ಅದರಲ್ಲಿ ಹುಲ್ಲು ಬೆಳೆಯುತ್ತದೆ, ಮರ ಬೇರು ಬಿಡುತ್ತದೆ. ಬೌಂಡರಿ ಎಂದರೆ ಬರೀ ಗೆರೆ. ಗೆರೆಯನ್ನು ಯಾರೂ ಮಣ್ಣು ಹೊತ್ತು ಹಾಕಿಸುವುದಿಲ್ಲ. ಆಕೆ ಹೇಳಿದ ಮುಖ್ಯ ಸಂಗತಿಯೇ ಕಾಗದದಿಂದ ಬಿದ್ದುಹೋಯಿತು, ಮತ್ತು ಆ ಕಾಗದಕ್ಕೆ ಆಕೆ ಹೆಬ್ಬೆಟ್ಟು ಒತ್ತಿದರು. ನಾನು ಅಲ್ಲೇ ಇದ್ದೆ, ಹೊಸಬನಾಗಿದ್ದೆ, ಬಾಯಿ ತೆರೆಯಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ರಾಜ್ಯದ ಅಧಿಕೃತ ಭಾಷೆ ಕನ್ನಡ ಎಂದು 1963ರಲ್ಲೇ ಕಾಯಿದೆಯಾಗಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹಾಗಾಗಿ 'ಇಂಗ್ಲಿಷ್ ಬರುತ್ತಿತ್ತಲ್ಲ' ಎಂಬ ನಿಮ್ಮ ಮಾತೇ ಪಟೇಲರ ಪರವಾದ ಸಾಕ್ಷ್ಯ ಎನ್ನುತ್ತೇನೆ. ಇಂಗ್ಲಿಷ್ ಬಾರದವರು ಕನ್ನಡದಲ್ಲಿ ಮಾತನಾಡಿದ್ದರೆ ಸಭೆ ಅದನ್ನು ಅವರ ಕೊರತೆ ಎಂದು ಸಹಿಸಿಕೊಳ್ಳುತ್ತಿತ್ತು. ಬಲ್ಲವರು ಮಾತನಾಡಿದಾಗ ಅರ್ಥಮಾಡಿಕೊಳ್ಳುವ ಹೊಣೆ ಸಭೆಯ ಮೇಲೆ ಬಿತ್ತು. ಇಂದು ಲೋಕಸಭೆಯಲ್ಲಿ ಕನ್ನಡಕ್ಕೆ ಏಕಕಾಲದ ಭಾಷಾಂತರದ ವ್ಯವಸ್ಥೆಯಿದೆ. ಕ್ಷೇತ್ರದ ಜನರಿಗೆ ಏನು ಲಾಭ ಎಂದು ಕೇಳಿದಿರಿ. ಚನ್ನಗಿರಿಯ ರೈತರೊಬ್ಬರು ಲೋಕಸಭೆಗೆ ಹೋಗಲು ಇಂಗ್ಲಿಷ್ ಕಲಿಯುವವರೆಗೆ ಕಾಯಬೇಕಿಲ್ಲ ಎಂಬುದು ಲಾಭವಲ್ಲವೇ?

ಪ್ರಶ್ನೆ: ಪಟೇಲರು ದಾವಣಗೆರೆ ಜಿಲ್ಲೆಯವರೋ ಶಿವಮೊಗ್ಗದವರೋ? ನಮ್ಮ ಮನೆಯಲ್ಲಿ ಇದೇ ವಾದ.
(ಓದುಗರು, ಚನ್ನಗಿರಿ)

ಉತ್ತರ: ಇಬ್ಬರೂ ಗೆದ್ದಿರಿ. 1930ರ ಅಕ್ಟೋಬರ್ 1ರಂದು ಅವರು ಹುಟ್ಟಿದ ಕಾರಿಗನೂರು ನಿಮ್ಮ ತಾಲ್ಲೂಕಿನದು. ಆಗ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ ಎಂಬ ಏಳು ಹೊಸ ಜಿಲ್ಲೆಗಳಾದಾಗ ಚನ್ನಗಿರಿ ದಾವಣಗೆರೆಗೆ ಸೇರಿತು. ಆ ಜಿಲ್ಲೆಗಳನ್ನು ಮಾಡಿದ ಮುಖ್ಯಮಂತ್ರಿ ಪಟೇಲರೇ.

ಪ್ರಶ್ನೆ: ಅವರು ಸಂಸತ್ತಿನಲ್ಲಿ ಎಷ್ಟು ಕಾಲ ಇದ್ದರು?
(ಓದುಗರು, ಹೊನ್ನಾಳಿ)

ಉತ್ತರ: ಐದು ವರ್ಷವೂ ತುಂಬಲಿಲ್ಲ. 1970ರ ಡಿಸೆಂಬರಿನಲ್ಲಿ ಲೋಕಸಭೆ ವಿಸರ್ಜನೆಯಾಯಿತು. 1971ರ ಚುನಾವಣೆಯಲ್ಲಿ ರಾಜ್ಯದ ಎಲ್ಲ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಹೋದವು. ತುರ್ತುಪರಿಸ್ಥಿತಿಯಲ್ಲಿ ಪಟೇಲರು ಜೈಲಿನಲ್ಲಿದ್ದರು. 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಬಂದರು, 1994ರಲ್ಲಿ ಉಪಮುಖ್ಯಮಂತ್ರಿಯಾದರು. ದೇವೇಗೌಡರು ಪ್ರಧಾನಿಯಾಗಿ ಹೋದಾಗ, 1996ರ ಮೇ 31ರಂದು ಮುಖ್ಯಮಂತ್ರಿಯಾಗಿ 1999ರ ಅಕ್ಟೋಬರಿನವರೆಗೆ ಇದ್ದರು. ತೀರಿಕೊಂಡದ್ದು 2000ದ ಡಿಸೆಂಬರ್ 12ರಂದು. ಮುಖ್ಯಮಂತ್ರಿಯ ಮೂರು ವರ್ಷಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಸಂಸತ್ತಿನ ಆ ನಾಲ್ಕು ವರ್ಷಗಳ ಬಗ್ಗೆ ಯಾರಾದರೂ ವಿದ್ಯಾರ್ಥಿಗಳು ಕುಳಿತು ಕೆಲಸ ಮಾಡಬೇಕೆಂಬುದು ನನ್ನ ಬಹಳ ದಿನಗಳ ಆಸೆ.

ಶಿವಮೊಗ್ಗದ ವಿದ್ಯಾರ್ಥಿನಿಗೆ ಮತ್ತೊಂದು ಮಾತು: ಲೋಕಸಭೆಯ ಹಳೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ನಾಲ್ಕನೆಯ ಲೋಕಸಭೆಯ ಸಂಪುಟಗಳಲ್ಲಿ 1967ರಿಂದ ಶುರುಮಾಡಿ, ಪಟೇಲರ ಹೆಸರು ಬಂದ ಪುಟಗಳನ್ನು ಗುರುತು ಹಾಕಿಕೊಳ್ಳಿ. ಅದರಲ್ಲಿ 'ಬದು'ವಿನಂಥ ಪದವೊಂದು ಇಂಗ್ಲಿಷಿಗೆ ಹೋದಾಗ ಏನಾಗಿದೆ ಎಂಬುದು ಕಣ್ಣಿಗೆ ಬಿದ್ದರೆ ನನಗೆ ಬರೆದು ತಿಳಿಸಿ.